ಎಬ್ಬಿಸದೆ ಬಾರಿಸಿದ ಜಾಗಟೆ

ಬೆಳಗಿನ ಗಂಜಿ ಇನ್ನೂ ಕುದಿ ಬಂದಿರಲಿಲ್ಲ. ಹೊಳೆಯ ಕಡೆಯಿಂದ ಕೂಗು ಕೇಳಿತು.

“ಅಟ್ಟದ ಕೆಳಗೆ ಯಾರೋ ಇದಾರೆ! ನೀರಲ್ಲಿ! ಬೋರಲಾಗಿ ಬಿದ್ದಿದಾರೆ!”

ಲಾಮ್ ಗುರುಗಳು ಮೇಳದ ಕೆಂಪು ದೋಣಿಯಲ್ಲಿ ಕುಳಿತು ಜಪ ಮಾಡುತ್ತಿದ್ದರು. ಮಣಿ ಬೆರಳಲ್ಲೇ ನಿಂತಿತು. ಮೇಳದ ವಾದ್ಯದವರಿಗೆಲ್ಲ ಅವರೇ ಹಿರಿಯರು. ಡೋಲಿನ ಮೇಲೆ ಅವರ ಕಡ್ಡಿ ಎದ್ದರೆ ತಾಳ, ಜಾಗಟೆಗಳು ಏಳುತ್ತಿದ್ದವು, ಇಳಿದರೆ ಸುಮ್ಮನಾಗುತ್ತಿದ್ದವು.  

ಹಲಗೆ ದಾಟಿ ದಡಕ್ಕೆ ಬಂದರು. ಹೊಳೆಯ ಮೇಲೆ ಮಂಜು ದಟ್ಟವಾಗಿತ್ತು. ಆಟಕ್ಕೆಂದು ಕಟ್ಟಿದ ಬಿದಿರಿನ ಅಟ್ಟ ಅರ್ಧ ದಡದ ಮೇಲೆ, ಅರ್ಧ ನೀರಿನ ಮೇಲೆ ನಿಂತಿತ್ತು. ಅದರ ಕಂಬಗಳ ನಡುವೆ ನೀಲಿ ಅಂಗಿಯೊಂದು ತೇಲುತ್ತಿತ್ತು.

ದೋಣಿಯವರು ದೇಹವನ್ನು ಎಳೆದು ತಂದು ಮಗುಚಿದರು.

ಕಾಮ್‌ಸೋಯ್. ಮೇಳದ ದೊಡ್ಡ ಜಾಗಟೆ ಬಾರಿಸುವವನು. ಊರು ಸುಟ್ಟು ಹೆತ್ತವರನ್ನು ಕಳೆದುಕೊಂಡು ದಡದಲ್ಲಿ ಅಳುತ್ತಿದ್ದವನನ್ನು ಲಾಮ್ ಗುರುಗಳೇ ದೋಣಿಗೆ ಎತ್ತಿಕೊಂಡಿದ್ದರು. ತುತ್ತು ಕೊಟ್ಟರು, ವಿದ್ಯೆ ಕೊಟ್ಟರು, ಹೆಣ್ಣು ತಂದರು. ಮಗನಲ್ಲ. ಮಗನಿಗಿಂತ ಹೆಚ್ಚು.

ತಲೆಯ ಹಿಂಭಾಗ ಒಡೆದಿತ್ತು. ಎಡಗೈಯ ಮೇಲೆ ಹಲ್ಲಿನ ಗುರುತು. ಆಳವಾಗಿ, ಮಾಂಸ ಸೀಳುವಂತೆ ಕಚ್ಚಿದ ಗುರುತು. ಬಾಯೊಳಗೆ ಬೆಳ್ಳಗೆ ಏನೋ ಕಾಣುತ್ತಿತ್ತು.

ಒಬ್ಬ ಬಗ್ಗಿ ನೋಡಿದ. ನೋಡಿದವನೇ ನಾಲ್ಕು ಹೆಜ್ಜೆ ಹಿಂದಕ್ಕೆ ಹಾರಿದ.

“ಹಂದಿ ಕೊಬ್ಬು! ಅಯ್ಯಯ್ಯೋ, ಬಾಯಲ್ಲಿ ಹಂದಿ ಕೊಬ್ಬಿದೆ!”

ಸುತ್ತ ನಿಂತಿದ್ದವರೆಲ್ಲ ಹಿಂದೆ ಸರಿದರು. ಹೆಣದ ಸುತ್ತ ಬಯಲಾಯಿತು. ಲಾಮ್ ಗುರುಗಳು ಮಾತ್ರ ಕೆಸರಿನಲ್ಲಿ ಕುಳಿತು ಆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು.

“ಮಾತಾಡಿಬಿಟ್ಟಿರ್ಬೇಕು, ಪಾಪ.” ಮೆಲುದನಿಯೊಂದು ಹೇಳಿತು. ಗುಡಿಯ ಪಾರುಪತ್ಯಗಾರ ಯಿಪ್. ಬಿಳಿಗಡ್ಡದ, ಸೌಮ್ಯ ಮುಖದ ಮನುಷ್ಯ. ಕೈಯಲ್ಲಿ ಊದುಬತ್ತಿಯ ಕಟ್ಟು ಹಿಡಿದಿದ್ದ. “ಹುಲಿ ಪೂಜೆ ಹೊತ್ತಲ್ಲಿ ಬಾಯಿ ಬಿಟ್ಟಿದಾನೆ. ಅದು ಬಿಡುತ್ತಾ?”



ಹೊಸ ನೆಲದಲ್ಲಿ ಅಟ್ಟ ಕಟ್ಟಿದರೆ, ಮೊದಲ ಆಟಕ್ಕೆ ಮುಂಚೆ ಆ ನೆಲದ ಭೂತವಾದ ಬಿಳಿ ಹುಲಿಯನ್ನು ಕಟ್ಟಿಹಾಕಬೇಕು. ಹಿಂದಿನ ಸಂಜೆ ಅದೇ ನಡೆದಿತ್ತು. ಹುಲಿ ವೇಷ ಬಂದು ತನಗಿಟ್ಟ ಹಂದಿ ಕೊಬ್ಬು ಕಚ್ಚಿತು. ಕರಿಮುಖದ ಸೇನಾಪತಿಯ ವೇಷದವನು ಅದಕ್ಕೆ ಸರಪಳಿ ಬಿಗಿದು ಸವಾರಿ ಮಾಡಿದ. ಅದು ಮುಗಿಯುವ ತನಕ ಮೇಳದವರು ತುಟಿ ಬಿಚ್ಚುವಂತಿಲ್ಲ. ಹೆಸರು ಕರೆಯುವಂತಿಲ್ಲ. ಊರವರು ಕದ ಹಾಕಿಕೊಳ್ಳಬೇಕು, ನೋಡುವಂತಿಲ್ಲ. ಕೊನೆಗೆ ದೊಡ್ಡ ಜಾಗಟೆಯ ಮೂರು ಏಟು. ಆಮೇಲೆಯೇ ಮಾತು. ಮಧ್ಯದಲ್ಲಿ ಬಾಯಿ ಬಿಟ್ಟವನು ಹುಲಿಯ ಪಾಲು. ಸತ್ತ ಮೇಲೂ ಅವನಿಗೆ ಬಿಡುಗಡೆ ಇಲ್ಲ. ಹುಲಿಯ ಆಳಾಗಿ ತಿರುಗುತ್ತಾನೆ. ಗೊತ್ತಿದ್ದವರ ಹೆಸರು ಹಿಡಿದು ಕರೆಯುತ್ತಾನೆ. ಓಗೊಟ್ಟವನು ಮುಂದಿನ ತುತ್ತು.

ಊರ ಹಿರಿಯ ಕೋಲೂರಿಕೊಂಡು ಬಂದ. ಹೆಣವನ್ನು ಹತ್ತಿರದಿಂದ ನೋಡಲಿಲ್ಲ.

“ಗುರುಗಳೇ, ನಿಮ್ಮ ದುಃಖ ನನಗೂ ಅರ್ಥ ಆಗುತ್ತೆ. ಆದ್ರೆ ಈ ಊರಲ್ಲಿ ಮಕ್ಕಳುಮರಿ ಇದಾವೆ. ಹೊತ್ತು ಮುಳುಗೋದ್ರೊಳಗೆ ಇವನನ್ನ ಕಡಲ ಕಡೆ ಸಾಗಿಸಿಬಿಡಿ. ಮಣ್ಣು ಬೇಡ, ಮಂತ್ರ ಬೇಡ, ಪೂಜೆಗೆ ಹೆಸರಿನ ಹಲಗೆ ಇಡೋದೂ ಬೇಡ. ಇನ್ನು ಆ ಹೆಸರನ್ನೇ ಯಾರೂ ಎತ್ತಬಾರದು.”

“ಅವನು ಮಾತಾಡಿಲ್ಲ, ಯಜಮಾನ್ರೇ.”

“ನೀವು ನೋಡಿದ್ರಾ?”

ಲಾಮ್ ಗುರುಗಳು ನೋಡಿರಲಿಲ್ಲ. ಪೂಜೆಯ ಹೊತ್ತು ಎಲ್ಲರೂ ನೆಲವನ್ನೇ ನೋಡುತ್ತಿದ್ದರು. ಕಾಮ್‌ಸೋಯ್ ಪರದೆಯ ಹಿಂದೆ, ನೀರಿನ ಕಡೆಯ ಅಟ್ಟಣಿಗೆಯಲ್ಲಿ, ಜಾಗಟೆಯ ಪಕ್ಕ ಒಬ್ಬನೇ ನಿಂತಿದ್ದ.

* * *

ಪೊಲೀಸ್ ಇನ್‌ಸ್ಪೆಕ್ಟರ್ ಮಾಕ್ ಉಗಿದೋಣಿಯಲ್ಲಿ ಬಂದಾಗ ಮಂಜು ಕರಗಿತ್ತು. ಕುಳ್ಳ, ನಿದ್ದೆಗೆಟ್ಟ ಕಣ್ಣು. ಕೇಳುವುದು ಕಡಿಮೆ, ನೋಡುವುದು ಹೆಚ್ಚು.

“ಹುಲಿಗೆ ಬೇಡಿ ಹಾಕೋ ಅಧಿಕಾರ ನನಗಿಲ್ಲ,” ಎಂದ. “ಮನುಷ್ಯರಿಂದ ಶುರು ಮಾಡೋಣ. ಇವನಿಗೆ ಆಗದವರು ಯಾರಿದ್ರು?”

ಮೇಳದವರೆಲ್ಲ ವೇಷ ಕಟ್ಟುವ ಬಣ್ಣದ ಮನೆಯಲ್ಲಿ ಸೇರಿದ್ದರು. ತಾಳದವನು ತಲೆ ತಗ್ಗಿಸಿ ಗೊಣಗಿದ. “ಚೌ ಜಗಳ ಆಡಿದ್ದ.”

ಚೌ ಹುಲಿ ವೇಷದವನು. ಧಡೂತಿ ಆಳು. ಒಮ್ಮೆ ಪಟಾಕಿ ಸಿಡಿದು ಬಲಗೈಯ ಎರಡು ಬೆರಳು ಹೋಗಿದ್ದವು.

“ಹೌದು ಸ್ವಾಮಿ, ಆಡಿದ್ದೆ,” ಎಂದ ಚೌ. “ಮೊನ್ನೆ ಅಭ್ಯಾಸದಲ್ಲಿ ನಾನು ಹಾರೋಕೆ ಮುಂಚೆ ಜಾಗಟೆ ಹೊಡೆದ. ಮಂದಿ ಮುಂದೆ ಹಂಗಾದ್ರೆ ನಾನು ಹುಲಿ ಅಲ್ಲ, ಬೆಕ್ಕಾಗ್ತೀನಿ. ‘ನಿನ್ನ ಜಾಗಟೇನ ನಿನ್ನ ತಲೆಗೇ ಬಡೀತೀನಿ’ ಅಂದೆ. ಅವನು ನಕ್ಕ. ‘ಬಡಿಯಣ್ಣ, ನಿನ್ನ ಕೈಲಿ ತಾಳವಾದರೂ ಸರಿಯಾಗಿ ಬೀಳಲಿ’ ಅಂದ. ಅಷ್ಟೇ.”

“ಪೂಜೆ ಮುಗಿದ ಮೇಲೆ ಎಲ್ಲಿದ್ದೆ?”

“ಕುಡೀತಿದ್ದೆ.”

“ಯಾರ ಜೊತೆ?”

“ಹೆಂಡದ ಜೊತೆ.”



ಮಾಕ್ ಕಾಮ್‌ಸೋಯ್‌ನ ಹೆಂಡತಿಯನ್ನು ಕರೆಸಿದ. ಯೂಕ್‌ಹಾ ಬಾಗಿಲಲ್ಲೇ ನಿಂತಳು. ಮಧ್ಯಾಹ್ನದೊಳಗೆ ಕೂದಲೆಲ್ಲ ಬಿಚ್ಚಿಹೋಗಿತ್ತು.

“ರಾತ್ರಿ ಗಂಡ ಬರಲಿಲ್ಲ ಅಂತ ಹುಡುಕಲಿಲ್ವಾ, ಅಮ್ಮಾ?”

“ಹುಲಿ ಕಟ್ಟಿದ ರಾತ್ರಿ ದೊಡ್ಡ ಜಾಗಟೆಯವರು ಒಬ್ಬರೇ ದೇವರ ದೋಣೀಲಿ ದೀಪ ಕಾಯಬೇಕು ಸ್ವಾಮಿ. ಬರೋದು ಬೆಳಿಗ್ಗೇನೇ.”

“ಅದಕ್ಕೆ ಮುಂಚೆ ಏನಾದ್ರೂ ಹೇಳಿದ್ನಾ?”

ಅವಳು ತಡೆದಳು. “ನಾವು ಈ ಊರಿಗೆ ಬಂದ ಸಂಜೆ, ಉಣ್ತಾ ಇದ್ರು. ತುತ್ತು ಬಾಯಿಗೆ ಹೋಗ್ತಾ ಹೋಗ್ತಾ ಹಂಗೇ ನಿಂತುಬಿಡ್ತು. ಮುಖ ಬಿಳಿಚಿಕೊಂಡಿತ್ತು. ‘ಈ ಕೈಯನ್ನ ನಾನು ಕೇಳಿದ್ದೀನಿ’ ಅಂದ್ರು.”

“ಕೇಳಿದ್ದೀನಿ ಅಂತಾನಾ? ನೋಡಿದ್ದೀನಿ ಅಂತಾನಾ?”

“ನೋಡಿದ್ದೀನಿ ಅಂತ್ಲೇ ಇರ್ಬೇಕು. ಕೈಯನ್ನ ಯಾರು ಕೇಳ್ತಾರೆ? ನನಗೆ ತಪ್ಪಿ ಕೇಳಿಸಿರ್ಬೇಕು.” ಅವಳು ಅಂಗಿಯ ತೋಳಿನ ತುದಿ ಕಚ್ಚಿದಳು. “ಊಟ ಬಿಟ್ಟು ಎದ್ದು ಗುಡಿ ಕಡೆ ಹೋದ್ರು. ಬಂದ ಮೇಲೆ ಮಾತೇ ಆಡ್ಲಿಲ್ಲ. ಮಲಗಿದ್ರೂ ನಿದ್ದೆ ಇಲ್ಲ. ಚಿಕ್ಕಂದಿನ ಭಯ ಮತ್ತೆ ಹಿಡೀತು.”

“ಏನು ಭಯ?”

“ಅವರ ಊರು ಸೇಕ್‌ಕಿಯು ಸುಟ್ಟುಹೋಯ್ತಲ್ಲ. ಅವತ್ತಿಂದ ಎಲ್ಲಾದ್ರೂ ಬೆಳಗಿನ ಜಾವದ ಜಾಗಟೆ ಕೇಳಿದ್ರೆ ಬೆವರ್ತಾರೆ.”

ಮಾಕ್ ಚೌನ ಮೊಂಡು ಕೈಯನ್ನು ನೋಡಿದ. ನೋಡಿದರೆ ಮರೆಯದ ಕೈ. ಕಾನ್‌ಸ್ಟೇಬಲ್‌ಗೆ ಸನ್ನೆ ಮಾಡಿದ. ಚೌನನ್ನು ಬಿದಿರಿನ ಕಂಬಕ್ಕೆ ಕಟ್ಟಿದರು.

“ಸ್ವಾಮಿ, ನಾನು ವೇಷದ ಹುಲಿ!” ಚೌ ಅರಚಿದ. “ನಿಜವಾದ್ದನ್ನ ಹಿಡೀರಿ!”

ಲಾಮ್ ಗುರುಗಳಿಗೆ ಇನ್ನೊಂದು ಮಾತು ನೆನಪಾಗುತ್ತಿತ್ತು. ಪೂಜೆಗೆ ಮುಂಚೆ ಕಾಮ್‌ಸೋಯ್ ಅವರ ಕಾಲು ಮುಟ್ಟಿದ್ದ. “ಗುರುಗಳೇ, ಒಂದು ಮಾತು ಹೇಳೋದಿದೆ. ಬಾಯಿ ಬಿಟ್ಟ ಮೇಲೆ ಹೇಳ್ತೀನಿ.” ಆಗ ಅಟ್ಟದ ಮುಂದೆ ಹಣ್ಣು ಇಡುವವರು, ದೀಪ ಕಟ್ಟುವವರು, ಹತ್ತು ಮಂದಿ ಓಡಾಡುತ್ತಿದ್ದರು. ಯಾರು ಬೇಕಾದರೂ ಕೇಳಿಸಿಕೊಂಡಿರಬಹುದು.

* * *

ಹೆಣವನ್ನು ಖಾಲಿ ದೋಣಿಯೊಂದರಲ್ಲಿ ಮಲಗಿಸಿದ್ದರು. ತೊಳೆಯಲು ಯಾರೂ ಬರಲಿಲ್ಲ. ಲಾಮ್ ಗುರುಗಳು ತಾವೇ ನೀರು ತಂದರು. ಮಾಕ್ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

ಗುರುಗಳು ಎಡಗೈಯನ್ನು ಒರೆಸಿದರು. ಕಚ್ಚಿದ ಗುರುತು ಸ್ಪಷ್ಟವಾಯಿತು. ಮೇಲಿನ ಸಾಲಿನ ನಡುವೆ ಒಂದು ಕಡೆ ಗುರುತಿಲ್ಲ. ಅಲ್ಲಿ ಚರ್ಮ ಹಾಗೇ ಇತ್ತು.

ಅವರು ಆ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಸತ್ತವನ ತುಟಿಯನ್ನು ಮೆಲ್ಲಗೆ ಮೇಲೆತ್ತಿದರು. ಮುಂದಿನ ಹಲ್ಲೊಂದು ಇರಲಿಲ್ಲ. ಚಿಕ್ಕವನಿದ್ದಾಗ ದೋಣಿಯ ಅಂಚಿಗೆ ಬಿದ್ದು ಮುರಿದುಕೊಂಡಿದ್ದ.

“ಇನ್‌ಸ್ಪೆಕ್ಟರ್ ಸಾಹೇಬ್ರೇ,” ಎಂದರು. “ಇದು ಹುಲಿ ಕಚ್ಚಿದ್ದಲ್ಲ. ಅವನೇ ಕಚ್ಚಿಕೊಂಡಿದ್ದು.”

ಮಾಕ್ ಬಗ್ಗಿ ನೋಡಿದ. ಕೈಯನ್ನು ಬಾಯಿಯ ಬಳಿ ಹಿಡಿದು ಅಳತೆ ನೋಡಿದ. ತಲೆಯಾಡಿಸಿದ. ಅಂಗಿ ಸರಿಸಿದ. ಹೆಗಲ ಮೇಲೆ ಕಬ್ಬಿಣದ ಸರಳಿನ ಅಗಲಕ್ಕೆ ನೀಲಿಗಟ್ಟಿತ್ತು.

“ಮೊದಲ ಏಟು ಇಲ್ಲಿ,” ಎಂದ. “ಆಗ ಕಚ್ಚಿಕೊಂಡ. ಎರಡನೇದು ತಲೆಗೆ. ಯಾಕೆ ಕಚ್ಚಿಕೊಂಡ?”

ಗುರುಗಳಿಗೆ ಗೊತ್ತಿತ್ತು. ಆದರೆ ಊರು ನಂಬಬೇಕಲ್ಲ.

“ನನ್ನ ಹತ್ರಾನೂ ಒಂದಿದೆ.” ಮಾಕ್ ಕರವಸ್ತ್ರ ಬಿಚ್ಚಿದ. ಬಾಯಿಂದ ತೆಗೆದ ಕೊಬ್ಬಿನ ತುಂಡು. “ಹುಲಿಗೆ ಎಂಥದ್ದು ಕೊಡ್ತೀರಿ?”

“ಹಸಿದು. ರಕ್ತ ಒಸರ್ತಿರ್ಬೇಕು.”

“ಇದು ಬೆಂದಿದೆ.” ತುಂಡನ್ನು ಮಗುಚಿದ. ತೊಗಲಿನ ಮೇಲೆ ಕೆಂಪು ಬೊಟ್ಟು, ನೀರಿನಲ್ಲಿ ನೆನೆದು ಮಸುಕಾಗಿತ್ತು. “ಬೇಯಿಸಿ ಕೆಂಪು ಬೊಟ್ಟು ಇಡೋದು ಎಲ್ಲಿ?”

“ಗುಡೀಲಿ. ದೇವರ ಎಡೆಗೆ.”

“ಮೇಳದವನು ಈ ತಪ್ಪು ಮಾಡ್ತಾನಾ?”

“ಕನಸಲ್ಲೂ ಮಾಡಲ್ಲ. ಆದರೆ ಊರವರು ಹುಲಿ ಪೂಜೇನ ನೋಡೋ ಹಾಗಿಲ್ಲ. ಹಂದಿ ಕೊಬ್ಬು ಅಂತ ಕೇಳಿರ್ತಾರೆ, ಹಸಿದು ಅಂತ ಗೊತ್ತಿರಲ್ಲ.”

ಮಾಕ್ ಕರವಸ್ತ್ರ ಮಡಚಿದ. “ಎಡೆ ತಿನ್ನದ ಮನೆ ಈ ಊರಲ್ಲಿ ಒಂದೂ ಇಲ್ಲ. ಇಡೀ ಊರಿಗೆ ಬೇಡಿ ಹಾಕೋಕಾಗಲ್ಲ. ಚೌ ಕೂಡ ಅಲ್ಲೇ ತಿಂದಿರಬಹುದು. ಇನ್ನೇನಾದ್ರೂ ಬೇಕು ಗುರುಗಳೇ.”

ಹೊರಗೆ ಬಿಸಿಲು ಬಾಗುತ್ತಿತ್ತು.

* * *

ಲಾಮ್ ಗುರುಗಳು ಒಬ್ಬರೇ ಅಟ್ಟಣಿಗೆ ಹತ್ತಿದರು. ಮೇಳದವರು ಯಾರೂ ಜೊತೆಗೆ ಬರಲಿಲ್ಲ.

ದೊಡ್ಡ ಜಾಗಟೆ ಬಿದಿರಿನ ಚೌಕಟ್ಟಿನಲ್ಲಿ ತೂಗುತ್ತಿತ್ತು. ಕಂಚಿನ ಮೈ, ಅಗಲವಾದ ಅಂಚು. ಪೂಜೆಗೆ ಮುಂಚೆ ಮುಚ್ಚಿದ್ದ ಕೆಂಪು ಬಟ್ಟೆ ನೆಲದಲ್ಲಿ ಬಿದ್ದಿತ್ತು. ಕಾಮ್‌ಸೋಯ್ ಅದನ್ನು ನೆಲಕ್ಕೆ ಬಿಡುವವನಲ್ಲ. ಮಡಚಿ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ.

ಹಲಗೆಯ ಸಂದಿಯಲ್ಲಿ ಹೊಳೆ ಕಾಣುತ್ತಿತ್ತು. ನೀರಿನಿಂದ ಅಟ್ಟಣಿಗೆಗೆ ಕೂಲಿಯವರು ಬಿಟ್ಟುಹೋದ ಏಣಿ. ಅಲ್ಲಿಂದ ನಾಲ್ಕು ಹುಟ್ಟು ಹಾಕಿದರೆ ಗುಡಿಯ ಹಿಂಬಾಗಿಲ ಮೆಟ್ಟಿಲು.

“ಗುರುಗಳೇ...”

ಅವರ ಮೈಯೆಲ್ಲ ಜುಮ್ಮೆಂದಿತು. ಧ್ವನಿ ಹಲಗೆಯ ಕೆಳಗಿನಿಂದ ಬಂದಿತ್ತು. ಬಾಯಿ ಓಗೊಡಲು ತೆರೆಯಿತು. ತಟ್ಟನೆ ಅಂಗೈ ಅಡ್ಡ ಬಂತು. ಮತ್ತೆ ಕೇಳಲಿಲ್ಲ. ನೀರು ಕಂಬಕ್ಕೆ ಬಡಿಯುವ ಸದ್ದೋ, ಬೇರೆ ಏನೋ.

ಬಾಯಿಗೆ ಅಡ್ಡ ಬಂದ ತಮ್ಮ ಕೈಯನ್ನೇ ಅವರು ನೋಡಿಕೊಂಡರು. ಅವನೂ ಹೀಗೇ ಮಾಡಿದ್ದ.

“ಮಗಾ,” ಎಂದರು ತಮ್ಮಷ್ಟಕ್ಕೇ, “ಕರೆಯೋದಾದ್ರೆ ದಾರಿ ತೋರಿಸೋಕೆ ಕರಿ.”

ಕಣ್ಣು ಮುಚ್ಚಿ ನಿನ್ನೆಯ ಸಂಜೆಯನ್ನು ಮತ್ತೆ ಕೇಳತೊಡಗಿದರು. ತಾಳಗಳ ಅಬ್ಬರ. ಸರಪಳಿಯ ಝಣಝಣ. ಅವರ ಕಡ್ಡಿ ಇಳಿದಿತ್ತು. ಎಲ್ಲವೂ ನಿಂತಿತ್ತು. ಹುಲಿಯ ಮೇಲೆ ಸೇನಾಪತಿ ಕೂತು ಹಿಂದಕ್ಕೆ ಸರಿಯುವಷ್ಟು ಹೊತ್ತು ನಿಶ್ಶಬ್ದ. ಆಮೇಲೆ ಮೂರು ಏಟು.

ಮೊದಲ ಏಟು ಸತ್ತಿತ್ತು. ತಗಡು ಬಡಿದಂತೆ. ಆಗಲೇ ಅವರಿಗೆ ಕಿರಿಕಿರಿಯಾಗಿತ್ತು. ಇವನಿಗೇನಾಯಿತು ಎಂದುಕೊಳ್ಳುವಷ್ಟರಲ್ಲಿ ಉಳಿದೆರಡೂ ಬಿದ್ದಿದ್ದವು.

ದೊಡ್ಡ ಜಾಗಟೆಯನ್ನು ಎಬ್ಬಿಸದೆ ಬಾರಿಸಬಾರದು. ಬಟ್ಟೆ ಸುತ್ತಿದ ಕೋಲಿನ ತುದಿಯನ್ನು ಮಲಗಿದ ಮಗುವನ್ನು ಮುಟ್ಟುವಂತೆ ಅದರ ಮೈಗೆ ತಾಗಿಸಬೇಕು. ಕಿವಿಗೆ ಕೇಳದ ನಡುಕವೊಂದು ಕಂಚಿನಲ್ಲಿ ಹುಟ್ಟಬೇಕು. ಆಮೇಲೆ ಹೊಡೆದರೆ ಮೊದಲ ಏಟಿಗೇ ತುಂಬು ದನಿ. ಅವರು ಕಾಮ್‌ಸೋಯ್‌ಗೆ ಕಲಿಸಿದ ಮೊದಲ ಪಾಠವೇ ಅದು.

ಏಟು ಅವನದಲ್ಲ. ಜಾಗಟೆಗೆ ಏಟು ಬೀಳುವ ಮೊದಲೇ ಅವನು ನೀರಿನಲ್ಲಿದ್ದ.

ಹಾಗಾದರೆ ಚೌ ಅಲ್ಲ. ಆಗ ಅವನು ಹುಲಿಯ ತೊಗಲಿನಲ್ಲಿ ಎಲ್ಲರ ನಡುವೆ ಇದ್ದ. ಬೆನ್ನ ಮೇಲೆ ಸೇನಾಪತಿ ಕೂತಿದ್ದ. ವಾದ್ಯದವರು ಅಲ್ಲ. ಅವರೆಲ್ಲ ಡೋಲಿನ ಸುತ್ತ ಮೊಣಕಾಲು ತಾಗುವಂತೆ ಕುಳಿತಿದ್ದರು.

ಕೆಳಗಿನಿಂದ ಯಾರೋ ಕೆಮ್ಮಿದರು. ಗಂಜಿ ಮಾರುವ ಸಾಮ್ ಅಜ್ಜಿ. ತಲೆಯ ಮೇಲೆ ಮಡಕೆ.

“ಲೋ ಮುದುಕಾ, ಇಳಿದು ಬಾ! ದೆವ್ವಕ್ಕೆ ಹಸಿವಿರಲ್ಲ, ನಿನಗಿರುತ್ತೆ.”

ಅವರು ಇಳಿದು ಬಂದರು. ಅಜ್ಜಿ ಕೊಟ್ಟ ಬಟ್ಟಲು ಹಿಡಿದರು.

“ಊರೆಲ್ಲ ಹುಲಿ ಹುಲಿ ಅಂತಿದೆ,” ಎಂದಳು ಅಜ್ಜಿ. “ನಿನಗೆ ಹೆದರಿಕೆ ಇಲ್ವಾ?”

“ನಿನಗೆ?”

“ನಿನ್ನೇನೇ ಸತ್ತೆ ಅಂದ್ಕೊಂಡೆ ಕಣೋ. ಕದ ಹಾಕ್ಕೊಂಡು ಕೂತಿದ್ದೆ. ಕಿಟಕೀಲಿ ಇನ್ನೂ ಬೆಳಕಿದೆ. ಮೂರನೇ ಜಾವ ಬಾರಿಸಿದ್ರು! ಒಂದು ಹೊಡೆದು, ತಡೆದು, ಆಮೇಲೆ ಪಟಪಟ ಎರಡು. ನಡುರಾತ್ರಿ ಆಗೋಯ್ತಾ, ನಾನು ಯಮನ ಮನೇಲಿ ಎದ್ನಾ ಅಂತ ಕೈ ಚಿವುಟಿ ನೋಡ್ಕೊಂಡೆ.” ಅವಳು ಬೊಚ್ಚು ಬಾಯಿ ಬಿಟ್ಟು ನಕ್ಕಳು. “ನಿಮ್ಮ ಮೇಳದಲ್ಲಿ ಹಂಗೇ ಬಾರಿಸೋದಾ?”

ಲಾಮ್ ಗುರುಗಳ ಕೈಯಲ್ಲಿ ಬಟ್ಟಲು ಓರೆಯಾಯಿತು. ಗಂಜಿ ಕಾಲಮೇಲೆ ಚೆಲ್ಲಿತು.

ಮೇಳದಲ್ಲಿ ಹಾಗಲ್ಲ. ಮೂರೂ ಏಟು ಸಮ. ಒಂದರ ದನಿ ತಾನಾಗಿ ಆರಿದ ಮೇಲೆ ಇನ್ನೊಂದು. ಒಂದು ನಿಧಾನ, ಎರಡು ಬೇಗ, ಅದು ನಡುರಾತ್ರಿಯ ಜಾವ. ಅದನ್ನು ಬಾರಿಸುವುದು ಊರು ಕಾಯುವ ಕಾವಲುಗಾರರು. ಮೂರು ಹೊಡೆ ಎಂದರೆ ಅವರ ಕೈ ಬೇರೆ ರೀತಿ ಹೊಡೆಯದು.

ಸೇಕ್‌ಕಿಯು ಊರು ಸುಟ್ಟದ್ದೂ ಒಬ್ಬ ಕಾವಲುಗಾರನಿಂದ. ಡಕಾಯಿತರ ಜೊತೆ ಸೇರಿ, ನಡುರಾತ್ರಿಯಲ್ಲಿ ಬೆಳಗಿನ ಜಾವ ಬಾರಿಸಿದ. ಬೆಳಗಾಯಿತೆಂದು ಕೋಟೆಯ ಬಾಗಿಲು ತೆರೆದರು. ಒಳಗೆ ಬಂದದ್ದು ಬೆಳಗಲ್ಲ. ಆ ಕಾವಲುಗಾರ ಮತ್ತೆ ಸಿಗಲೇ ಇಲ್ಲ. ಆದರೆ ಅವನ ಜಾಗಟೆಯನ್ನು ಪ್ರತಿ ರಾತ್ರಿ ಕೇಳುತ್ತ ಮಲಗಿದ ಮಗುವೊಂದು ಉಳಿಯಿತು.

‘ಈ ಕೈಯನ್ನ ನಾನು ಕೇಳಿದ್ದೀನಿ.’

ಯೂಕ್‌ಹಾಳಿಗೆ ತಪ್ಪಿ ಕೇಳಿಸಿರಲಿಲ್ಲ.

“ಅಜ್ಜಿ, ಸಂಜೆ ಗುಡಿಯ ಜಾಗಟೆ ಬಾರಿಸೋದು ಯಾರು?”

“ಇನ್ಯಾರು? ಯಿಪ್.”

* * *

“ಸಾಲದು,” ಎಂದ ಮಾಕ್. ಆದರೆ ಚೌನ ಕಟ್ಟು ಬಿಚ್ಚಿಸಿದ. “ನೀವು ಹೇಳೋದೆಲ್ಲ ಸರಿ ಅನ್ನಿಸುತ್ತೆ. ಆದ್ರೆ ಅದು ನಿಮ್ಮ ಕಿವಿ, ಅಜ್ಜಿಯ ಕಿವಿ. ಯಿಪ್ ‘ನಾನು ಹುಟ್ಟಿದಾಗಿಂದ ಗುಡಿಯವನು, ಊರು ಕಾದವನಲ್ಲ’ ಅಂತಾನೆ. ನಾನು ಕೇಳಿ ಬಂದೆ.”

“ಹಾಗಂದ್ನಾ?”

“ಪ್ರಮಾಣ ಮಾಡಿ ಹೇಳ್ದ.”

“ಹಂಗಾದ್ರೆ ಅವನು ಕೈಜಾಗಟೆ ಹಿಡಿದು ಯಾವತ್ತೂ ನಡೆದಿರಬಾರದು,” ಎಂದರು ಲಾಮ್ ಗುರುಗಳು. “ಗುಡಿಯ ಜಾಗಟೆ ತೊಲೆಗೆ ತೂಗುತ್ತೆ.”

ಮಾಕ್ ಗುರುಗಳ ಮುಖ ನೋಡಿದ. “ನನ್ನಿಂದ ಏನಾಗಬೇಕು?”

“ಹಲಗೆಯ ಆ ತುದೀಲಿ ನಿಂತಿರಿ. ಸಾಕು.”

* * *

ಹೊತ್ತು ಮುಳುಗುತ್ತಿತ್ತು. ಹೊಳೆ ಕಪ್ಪಾಗುತ್ತಿತ್ತು. ಊರವರು ದಡದ ಮೇಲೆ ದೂರದಲ್ಲಿ ನಿಂತಿದ್ದರು. ಒಬ್ಬರ ಹೆಸರನ್ನು ಒಬ್ಬರು ಕರೆಯುತ್ತಿರಲಿಲ್ಲ. ತಾಯಂದಿರು ಮಕ್ಕಳ ಕಿವಿ ಮುಚ್ಚಿದ್ದರು.

ಚಾಪೆ ಸುತ್ತಿದ ಹೆಣವನ್ನು ಇಬ್ಬರು ಹೊತ್ತರು. ಒಬ್ಬ ಚೌ. “ನನ್ನ ಜಗಳ ಬಾಕಿ ಇದೆ ಇವನ ಹತ್ರ,” ಎನ್ನುತ್ತ ತಾನಾಗಿ ಹೆಗಲು ಕೊಟ್ಟಿದ್ದ. ಯೂಕ್‌ಹಾ ಹಿಂದೆ ನಿಂತಿದ್ದಳು. ಹೆಸರು ಹಿಡಿದು ಅಳಲೂ ಅವಳಿಗೆ ಅಪ್ಪಣೆ ಇರಲಿಲ್ಲ.

ಲಾಮ್ ಗುರುಗಳು ಕೈಜಾಗಟೆಯನ್ನು ಊರ ಹಿರಿಯನ ಮುಂದೆ ಹಿಡಿದರು.

“ಯಜಮಾನ್ರೇ, ಹೆಣದ ಮುಂದೆ ಜಾಗಟೆ ನಡೀಬೇಕು. ಬಾರಿಸೋದಲ್ಲ, ಹಿಡಿದು ನಡೆಯೋದು. ಹುಲಿಗೆ ಸದ್ದು ಕೇಳಬಾರದು. ಮೇಳದವರು ಹಿಡಿಯೋ ಹಾಗಿಲ್ಲ. ನೀವು ಹಿಡೀರಿ.”

ಹಿರಿಯ ಹಗ್ಗದ ಕುಣಿಕೆ ಹಿಡಿದು ಹೆಜ್ಜೆ ಇಟ್ಟ. ಜಾಗಟೆ ಮೊಣಕಾಲಿಗೆ ತಾಗಿ ಗುಂಯ್ ಎಂದಿತು. ಇನ್ನೊಂದು ಹೆಜ್ಜೆ. ಮತ್ತೆ ಗುಂಯ್. ಅವನು ಕೆಂಡ ಹಿಡಿದವನಂತೆ ಅದನ್ನು ಪಕ್ಕದವನ ಕೈಗೆ ಕೊಟ್ಟ. ಪಕ್ಕದವನು ಉಸಿರು ಬಿಗಿಹಿಡಿದು ನಡೆದ. ಆದರೂ ಅಂಚು ಅಂಗಿಯ ಗುಂಡಿಗೆ ತಾಗಿ ದನಿ ಎದ್ದಿತು. ದಡದ ಮೇಲೆ ಯಾರೋ ಬಿಕ್ಕಿದರು.

“ಕೊಡಿ ಇಲ್ಲಿ,” ಎಂದ ಯಿಪ್ ಮೆಲ್ಲಗೆ. “ಎಲ್ಲರೂ ಹೆದರಿದಾರೆ. ನಾನು ಹಿಡೀತೀನಿ.”

ಹೆಬ್ಬೆರಳನ್ನು ಕುಣಿಕೆಗೆ ತೂರಿಸಿದ. ನಡೆಯತೊಡಗಿದ. ಬಿದಿರಿನ ಹಲಗೆ ಕಿರುಗುಟ್ಟಿತು, ಬಳುಕಿತು. ಅವನ ಹಿಂದೆ ಹೆಣ. ಹೆಣದ ಹಿಂದೆ ಗುರುಗಳು ಕಣ್ಣು ಮುಚ್ಚಿ ಕಿವಿಯನ್ನೇ ಮುಂದಿಟ್ಟು ನಡೆದರು. ಹತ್ತು ಹೆಜ್ಜೆ. ಇಪ್ಪತ್ತು. ಜಾಗಟೆಯಿಂದ ಒಂದು ಉಸಿರೂ ಹೊರಡಲಿಲ್ಲ.

“ನಿಲ್ಲಿ.”

ಯಿಪ್ ನಿಂತ.

“ಯಿಪ್ಪಣ್ಣ, ನಿಮ್ಮ ನಾಲ್ಕು ಬೆರಳು ಎಲ್ಲಿವೆ ನೋಡ್ಕೊಳ್ಳಿ.”

ಅವನು ನೋಡಿಕೊಂಡ. ಉಳಿದವರೂ ನೋಡಿದರು. ಹೆಬ್ಬೆರಳು ಕುಣಿಕೆಯಲ್ಲಿ. ನಾಲ್ಕು ಬೆರಳು ಜಾಗಟೆಯ ಬೆನ್ನಿಗೆ ಚಪ್ಪಟೆಯಾಗಿ ಒತ್ತಿದ್ದವು.

“ದನಿ ಏಳದ ಹಾಗೆ ಜಾಗಟೆ ಒಯ್ಯೋದು ಗುಡಿಯವರಿಗೆ ಗೊತ್ತಿಲ್ಲ,” ಎಂದರು ಗುರುಗಳು. “ಮಲಗಿದ ಊರ ಬೀದೀಲಿ ರಾತ್ರಿಯೆಲ್ಲ ನಡೆಯೋನಿಗೆ ಗೊತ್ತು. ಜಾವಕ್ಕೆ ಮುಂಚೆ ಗುಂಯ್ ಅಂದ್ರೆ ಜನ ಬೈತಾರೆ, ಅದಕ್ಕೇ ಬೆನ್ನು ಒತ್ತಿ ಹಿಡೀತಾನೆ. ನೀವು ಎಲ್ಲಿ ಕಾವಲಿದ್ರಿ? ಸೇಕ್‌ಕಿಯುವಿನಲ್ಲಿ ತಾನೇ?”

ಯಿಪ್‌ನ ಬೆರಳು ಸಡಿಲವಾದವು. ಜಾಗಟೆ ಗುಂಯ್ ಎಂದಿತು. ಆ ದನಿಗೆ ಅವನೇ ಬೆಚ್ಚಿದ.

ಮಾಕ್ ಹಲಗೆಯ ತುದಿಯಿಂದ ಮುಂದೆ ಬಂದ. “ನಾನು ಹೇಳ್ತೀನಿ. ಮೇಳ ಬಂದ ಸಂಜೆ ನೀನು ಗುಡೀಲಿ ಜಾಗಟೆ ಬಾರಿಸಿದೆ. ಅವನಿಗೆ ಆ ಕೈಯ ಗುರುತು ಸಿಕ್ತು. ಹುಡುಕ್ಕೊಂಡು ಬಂದು ನಿನ್ನ ಮುಖ ನೋಡ್ದ. ‘ಬಾಯಿ ಬಿಟ್ಟ ಮೇಲೆ ಹೇಳ್ತೀನಿ’ ಅಂತ ಗುರುಗಳಿಗೆ ಅವನು ಹೇಳಿದ್ದೂ ನಿನ್ನ ಕಿವಿಗೆ ಬಿತ್ತು. ಬಾಯಿ ಬಿಡೋದಕ್ಕೆ ಮುಂಚೆ ಮುಚ್ಚಿಸಬೇಕು. ಊರವರು ಕದ ಹಾಕ್ಕೊಂಡ ಹೊತ್ತು, ಗುಡಿಯ ಹಿಂದಿನಿಂದ ದೋಣೀಲಿ ಬಂದು ಏಣಿ ಹತ್ತಿದೆ. ಹೊಡೆದು ಸದ್ದಾಗದ ಹಾಗೆ ನೀರಿಗೆ ಇಳಿಬಿಟ್ಟೆ. ಮೂರು ಏಟು ಬೀಳದಿದ್ರೆ ಜನ ಓಡಿ ಬರ್ತಾರೆ. ಅದಕ್ಕೇ ನೀನೇ ಹೊಡೆದೆ. ಎಬ್ಬಿಸದೆ ಹೊಡೆದೆ. ನಡುರಾತ್ರಿಯ ಜಾವ ಹೊಡೆದೆ. ಹುಲಿ ಮೇಲೆ ಹೊರಿಸೋಕೆ ಬಾಯಿಗೆ ತುರುಕಿದ ಕೊಬ್ಬು ದೇವರ ಎಡೇದು. ಹುಲಿ ಬೇಯಿಸಿ ತಿನ್ನಲ್ಲ, ಯಿಪ್.”

ದಡದ ಮೇಲೆ ಸಾಮ್ ಅಜ್ಜಿ ಚೀರಿದಳು. “ನಾನು ಕೇಳಿದೀನಿ! ಮೂರನೇ ಜಾವ! ನಾನೂ ಕೇಳಿದೀನಿ!”

ಇನ್ನೊಂದು ಧ್ವನಿ. “ನಾನೂ.” ಮತ್ತೊಂದು. “ಹೌದು, ನಮ್ಮ ಮನೇಲೂ ಅಂದ್ಕೊಂಡ್ವಿ.”

ಯಿಪ್ ಓಡಲಿಲ್ಲ. ಗುರುಗಳ ಕಡೆ ತಿರುಗಿದ. ಸೌಮ್ಯ ಮುಖ ಈಗ ಹಸಿ ಮಣ್ಣಿನಂತಿತ್ತು.

“ಅವನು ಯಾಕೆ ಕೂಗ್ಲಿಲ್ಲ?” ಎಂದ. “ಅದೊಂದು ಹೇಳಿ ಗುರುಗಳೇ. ನಿನ್ನೆಯಿಂದ ಅದೇ ಕಾಡ್ತಿದೆ. ನಾನು ಏಣಿ ತುದಿಗೆ ಬರೋದಕ್ಕೂ ನಿಮ್ಮ ತಾಳ ನಿಲ್ಲೋದಕ್ಕೂ ಸರಿಹೋಯ್ತು. ಇರುವೆ ಹರಿದ್ರೂ ಕೇಳೋ ಹಾಗಿತ್ತು. ಅವನು ತಿರುಗಿ ನನ್ನನ್ನ ನೋಡ್ದ. ಮೊದಲ ಏಟು ಹೆಗಲಿಗೆ ಬಿತ್ತು. ಕೂಗ್ತಾನೆ, ಮುಗೀತು ನನ್ನ ಕಥೆ ಅಂದ್ಕೊಂಡೆ. ಒಂದೇ ಒಂದು ಕೂಗು ಸಾಕಿತ್ತು. ಅವನು ತನ್ನ ಕೈಯನ್ನ ತಾನೇ ಬಾಯಿಗೆ ತುರುಕಿಕೊಂಡ. ಕಚ್ಚಿ ಹಿಡಿದು ನನ್ನನ್ನೇ ನೋಡ್ತಾ ನಿಂತ. ಯಾಕೆ?”

ಲಾಮ್ ಗುರುಗಳು ಊರ ಹಿರಿಯನ ಕಡೆ ತಿರುಗಿದರು.

“ಕೇಳಿದ್ರಾ ಯಜಮಾನ್ರೇ? ಕೂಗಿದ್ರೆ ಜೀವ ಉಳೀತಿತ್ತು. ಆದ್ರೆ ಹುಲಿ ಬಿಡುಗಡೆ ಆಗ್ತಿತ್ತು ಅಂತ ಅವನು ನಂಬಿದ್ದ. ನಿಮ್ಮ ಊರಲ್ಲಿ. ನಿಮ್ಮ ಮಕ್ಕಳ ನಡುವೆ.”

ಹಿರಿಯನ ಕೋಲು ಕೈಜಾರಿ ನೀರಿಗೆ ಬಿತ್ತು. ಅವನು ಎತ್ತಲು ಬಾಗಲಿಲ್ಲ. ಹಾಗೆಯೇ ಮಂಡಿಯೂರಿ ಚಾಪೆ ಸುತ್ತಿದ ಹೆಣದ ಮುಂದೆ ಹಣೆಯನ್ನು ಹಲಗೆಗೆ ತಾಗಿಸಿದ. ದಡದ ಮೇಲಿದ್ದವರು ಒಬ್ಬೊಬ್ಬರಾಗಿ ಕುಸಿದು ಕುಳಿತರು.

“ತಾಯಿ,” ಎಂದ ಹಿರಿಯ ತಲೆ ಎತ್ತದೆ, “ಹೆಸರು ಹಿಡಿದು ಕರಿಯಮ್ಮಾ. ನಾವೂ ಕರೀತೀವಿ.”

ಯೂಕ್‌ಹಾಳ ಬಾಯಿ ಎರಡು ಸಲ ತೆರೆದು ಮುಚ್ಚಿತು. ಮೂರನೆಯ ಸಲ ದನಿ ಹೊರಟಿತು.

“ಕಾಮ್‌ಸೋಯ್!”

ಹೊಳೆಯ ಆಚೆ ದಡ ಅದನ್ನು ಹಿಂದಿರುಗಿಸಿತು. ಈ ಸಲ ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ.

* * *

ಅವನನ್ನು ಆ ಊರಿನ ಗುಡ್ಡದ ಮೇಲೆ, ಹೊಳೆ ಕಾಣುವ ಕಡೆ ಮುಖ ಮಾಡಿ ಮಣ್ಣು ಮಾಡಿದರು. ಊರವರೇ ಹಲಗೆ ಕೆತ್ತಿಸಿ ಹೆಸರು ಬರೆಸಿದರು. ಕಿತ್ತಳೆ ಇಟ್ಟರು, ಬಿಸಿ ಅನ್ನ ಇಟ್ಟರು. ಚೌ ಒಂದು ಬಟ್ಟಲು ಹೆಂಡ ಸುರಿದು, “ಮುಂಚೇನೇ ಹೊಡಿಯೋ, ಏನೂ ಅನ್ನಲ್ಲ,” ಎಂದು ಮಗುವಿನಂತೆ ಅತ್ತ.

ದೊಡ್ಡ ಜಾಗಟೆಯನ್ನು ಗುಡ್ಡಕ್ಕೆ ಹೊತ್ತು ತಂದಿದ್ದರು. ಲಾಮ್ ಗುರುಗಳು ಡೋಲಿನ ಕಡ್ಡಿ ಕೆಳಗಿಟ್ಟು ಜಾಗಟೆಯ ಕೋಲು ಎತ್ತಿಕೊಂಡರು. ಕೆಂಪು ಬಟ್ಟೆಯನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡರು. ಕೋಲಿನ ತುದಿಯನ್ನು ಕಂಚಿಗೆ ತಾಗಿಸಿ ಕಾದರು. ಕಂಚು ಎದ್ದಿತು. ಅವರಿಗೆ ಮಾತ್ರ ತಿಳಿಯಿತು.

ಮೊದಲ ಏಟು. ದನಿ ಗುಡ್ಡದಿಂದ ಹೊಳೆಗೆ ಇಳಿದು, ಹೊಳೆಯುದ್ದಕ್ಕೂ ಹೋಗಿ ಆರಿತು. ಎರಡನೆಯದು. ಅದೂ ಆರುವ ತನಕ ಕಾದರು. ಮೂರನೆಯದು.

ಆಮೇಲೆಯೇ ಅವರು ಬಾಯಿ ಬಿಟ್ಟರು.

“ಮೇಳ ಕಾಯುವ ವಾ ಕ್ವಾಂಗ್ ದೇವರೇ, ನಿನ್ನ ದೀಪ ಕಾಯಬೇಕಾಗಿದ್ದವನು ಆ ರಾತ್ರಿ ಬರಲಿಲ್ಲ, ತಪ್ಪೆಂದು ಎಣಿಸಬೇಡ. ಕರುಣೆಯ ತಾಯಿ ಕುನ್ ಯಾಮ್, ಚಿಕ್ಕಂದಿನಿಂದ ಅವನು ಜಾವದ ಸದ್ದಿಗೆ ಬೆಚ್ಚಿ ಏಳುತ್ತಿದ್ದ. ಇನ್ನು ಅವನನ್ನು ಯಾವ ಸದ್ದೂ ಎಬ್ಬಿಸದಿರಲಿ. ಅವನ ಕೈಯ ಗಾಯ ಮಾಯಲಿ. ಅವನು ನುಂಗಿಕೊಂಡ ಕೂಗು ನಿನ್ನ ಕಿವಿಗೆ ಸೇರಲಿ. ನಮೋ ಅಮಿತಾಭ, ನಮೋ ಅಮಿತಾಭ. ನನ್ನ ಮಗ ನೆಮ್ಮದಿಯಾಗಿ ಮಲಗಲಿ.”